ದೋಣಿಗಾಡಿಯ ಎಡಗಡೆಯ ಟೈರು

ಅಕ್ಕ ಹೋದಮೇಲೆ ಅವಳ ಎಲೆಅಡಿಕೆ ಚೀಲ ನನ್ನ ಪಾಲಿಗೆ ಬಂತು. ಓಲೆ, ಸೀರೆ, ಹಿತ್ತಾಳೆ ಹಂಡೆ ಎಲ್ಲಕ್ಕೂ ಹಕ್ಕುದಾರರಿದ್ದರು. ಈ ಚೀಲವನ್ನು ಮಾತ್ರ ಯಾರೂ ಕೇಳಲಿಲ್ಲ. ತಿಥಿ ಮುಗಿಸಿ ಹುಲ್ಲಹಳ್ಳಿಯಿಂದ ಹೊರಡುವಾಗ ಅಕ್ಕನ ಮಗಳು ಅದನ್ನು ತಂದು ನನ್ನ ಕೈಗಿಟ್ಟಳು.

“ಮಾವ, ಇದು ನೀವೇ ಮಡೀಕಳಿ. ಇದ್ರೊಳ್ಗೆ ನಿಮ್ದೊಂದು ಸಾಮಾನದೆ ಅಂತ ಅವ್ವ ಏಳ್ತಿದ್ಲು.”

ನಂಜನಗೂಡಿಗೆ ಬಂದು ಜಗಲಿಯ ಮೇಲೆ ಕೂತು ಚೀಲವನ್ನು ಬೋರಲು ಹಾಕಿದೆ. ಒಣಗಿ ಕಾಗದವಾಗಿದ್ದ ಎರಡು ವೀಳ್ಯದೆಲೆ, ಅಡಿಕೆಯ ಹೋಳುಗಳು, ನಾಲ್ಕು ಲವಂಗ, ಮುಚ್ಚಳ ಸರಿಯಾಗಿ ಕೂರದ ಸುಣ್ಣದ ಡಬ್ಬಿ. ಕೊನೆಗೆ, ಸುಣ್ಣ ಮೆತ್ತಿಕೊಂಡು ಬೆಳ್ಳಗಾಗಿದ್ದ ಟೈರಿನ ಗಾಳಿ ನೋಡುವ ಗೇಜು.

ಗೇಜೆಂದರೆ ಪೆಟ್ರೋಲ್ ಬಂಕಿನಲ್ಲಿ ಗೋಡೆಗೆ ಹಾಕಿರುವ ಗಡಿಯಾರದಂಥದ್ದಲ್ಲ. ಇದು ಪೆನ್ನಿನಷ್ಟೇ ಉದ್ದ, ಪೆನ್ನಿನಂತೆಯೇ ಜೇಬಿಗೆ ಸಿಕ್ಕಿಸುವ ಕ್ಲಿಪ್ಪು. ಒಂದು ತುದಿಯ ಗುಂಡು ಬಾಯನ್ನು ಟೈರಿನ ವಾಲ್ವಿಗೆ ಒತ್ತಿದರೆ ಇನ್ನೊಂದು ತುದಿಯಿಂದ ಅಂಕಿ ಬರೆದ ಬಿಳಿಯ ಕಡ್ಡಿಯೊಂದು ಸರ್ರನೆ ಹೊರಗೆ ಬರುತ್ತದೆ. ಎಷ್ಟು ಪೌಂಡ್ ಗಾಳಿಯೋ ಅಷ್ಟು ಉದ್ದ. ಬಂದ ಕಡ್ಡಿ ತಾನಾಗಿ ಒಳಗೆ ಹೋಗುವುದಿಲ್ಲ, ನಾವೇ ಬೆರಳಿನಿಂದ ಒತ್ತಬೇಕು. ಅಕ್ಕನ ಚೀಲದಲ್ಲಿದ್ದ ಗೇಜಿನ ಕಡ್ಡಿ ಹೊರಗೇ ಇತ್ತು. ಸುಣ್ಣ ಗಟ್ಟಿಯಾಗಿ ಅದನ್ನು ಹಾಗೇ ಹಿಡಿದು ನಿಲ್ಲಿಸಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಹದಿನೈದು.

ಹಳ್ಳಿಯ ಗೃಹಿಣಿಯೊಬ್ಬಳ ಎಲೆಅಡಿಕೆ ಚೀಲದಲ್ಲಿ ಟೈರಿನ ಗೇಜಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ ನನ್ನ ಒಂದು ಕಾಯಿಲೆಯ ವಿಷಯ ಹೇಳಬೇಕು.

ನಾನು ಹುಟ್ಟಾ ಕಳವಳಗಾರ. ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುತ್ತೇನೆ. ಮೂರನೆಯ ಸಲ ಜಗ್ಗುವಾಗ, ಹೀಗೆ ಜಗ್ಗಿ ಜಗ್ಗಿಯೇ ಬೀಗ ಸಡಿಲವಾಗಿರಬಹುದು ಎನಿಸಿ ನಾಲ್ಕನೆಯ ಸಲವೂ ಜಗ್ಗುತ್ತೇನೆ. ಮೈಸೂರಿನ ಬಸ್ಸು ಹತ್ತಿ ಕೂತು ಕಪಿಲೆಯ ಸೇತುವೆ ದಾಟುವಷ್ಟರಲ್ಲಿ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇಳಿದು ವಾಪಸು ಹೊರಡಲು ಏಳುತ್ತೇನೆ. “ಆರಿಸಿದ್ದು ನಾನು, ಅನುಮಾನ ನಿಮಗೆ,” ಎನ್ನುತ್ತಾಳೆ ಹೆಂಡತಿ ಗಿರಿಜ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿದ್ದು ಈ ಕಾಯಿಲೆಗೆ ತುಪ್ಪ ಹೊಯ್ದಂತಾಯಿತು. ಯಾವುದನ್ನೇ ಅಳೆದರೂ ಮೂರು ಸಲ ಅಳೆದು ಸರಾಸರಿ ತೆಗೆಯಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಮಕ್ಕಳು ಪರೀಕ್ಷೆ ಮುಗಿದ ಮಧ್ಯಾಹ್ನವೇ ಅದನ್ನು ಮರೆತರು. ನಾನು ಮರೆಯಲಿಲ್ಲ.

ಇನ್ನೊಂದು ಚಟವೂ ಇದೆ. ಜನ ಅಂಗಡಿಯ ಮುಂದೆ ನಿಂತು ರಸಬಾಳೆ ಹಣ್ಣನ್ನು ಮೆಲ್ಲಗೆ ಅದುಮಿ ನೋಡುವ ಹಾಗೆ ನಾನು ದಾರಿಯಲ್ಲಿ ನಿಂತ ಗಾಡಿಗಳ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತೇನೆ. ಪರಿಚಯದವರ ಸ್ಕೂಟರು, ಪರಿಚಯವಿಲ್ಲದವರ ಆಟೋ, ಮದುವೆಗೆ ಹೂವು ಮುಡಿದು ನಿಂತ ಕಾರು, ಯಾವುದಾದರೂ ಸರಿ. ಒಮ್ಮೆ ಒಬ್ಬ ಲಾರಿಯವನು ನನ್ನನ್ನು ಕಳ್ಳನೆಂದೇ ತಿಳಿದು, “ಏನ್ಲಾ ಅಲ್ಲಿ?” ಎಂದು ಗದರಿದ್ದ. “ಗಾಳಿ ಸರಿಯಾಗಿದೆ,” ಎಂದು ಹೇಳಿ ಬಂದೆ.

ಈ ಹೆಬ್ಬೆರಳಿನ ಚಟ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಭಾವ ನಮ್ಮ ಮನೆಯ ಮುಂದೆ ಒಂದು ದೋಣಿ ತಂದು ನಿಲ್ಲಿಸಿದಾಗ.

ದೋಣಿ ಬರುವ ಮುಂಚೆ ಹೊಳೆ ಬರಬೇಕು. ನಾನೂ ಅಕ್ಕನೂ ಹುಟ್ಟಿ ಬೆಳೆದದ್ದು ತಿರುಮಕೂಡಲು ನರಸೀಪುರದಲ್ಲಿ. ಅಪ್ಪ ಅಲ್ಲಿನ ಪ್ರೈಮರಿ ಶಾಲೆಯ ಮೇಷ್ಟ್ರು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವನಿಗೆ ಮನೆಗೆಲಸದಲ್ಲೇ ಹೊತ್ತು ಹೋಗುತ್ತಿದ್ದುದರಿಂದ ನಾನು ನೆಲಕ್ಕಿಂತ ಹೆಚ್ಚಾಗಿ ಅಕ್ಕನ ಸೊಂಟದ ಮೇಲೆ ಬೆಳೆದೆ. ಬಟ್ಟೆಯ ಗಂಟು ತಲೆಯ ಮೇಲೆ, ನಾನು ಸೊಂಟದ ಮೇಲೆ, ಹೀಗೆ ಅವಳು ಸಂಗಮಕ್ಕೆ ನಡೆಯುತ್ತಿದ್ದಳು. ಆ ಎತ್ತರದಿಂದ ಕಂಡ ಹೊಳೆಯೇ ನನ್ನ ಮನಸ್ಸಿನಲ್ಲಿರುವ ಹೊಳೆ. ಕಣ್ಣು ಮುಚ್ಚಿದರೆ ಈಗಲೂ ಅದು ಸ್ವಲ್ಪ ಅಲುಗಾಡುತ್ತದೆ, ಅಕ್ಕನ ನಡಿಗೆಗೆ ತಕ್ಕಂತೆ.

ಸಂಗಮದಲ್ಲಿ ಕಪಿಲೆ ಬಂದು ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಗುಪ್ತಗಾಮಿನಿ ಮೂರನೆಯವಳೂ ಇದ್ದಾಳೆ ಎನ್ನುವುದು ನಂಬಿಕೆ. ಅಕ್ಕನ ತಲೆಯಲ್ಲಿ ಇನ್ನೂ ಒಂದು ನಂಬಿಕೆ ಇತ್ತು. ಎರಡು ನೀರೂ ಸೇರುವ ಕಡೆ ಒಂದು ಗೆರೆ ಇದೆ. ಅಲ್ಲಿ ಒಂದು ಕೈ ಆಚೆ, ಒಂದು ಕೈ ಈಚೆ ಇಟ್ಟರೆ ಒಂದು ತಣ್ಣಗಿರುತ್ತದೆ, ಒಂದು ಬೆಚ್ಚಗಿರುತ್ತದೆ. ಕಪಿಲೆ ತಣ್ಣಗೆ, ಕಾವೇರಿ ಬೆಚ್ಚಗೆ.

“ನೀನು ಕೈ ಇಟ್ಟಿದ್ದೀಯಾ?” ಎಂದು ಕೇಳಿದರೆ, “ಇಲ್ಲ ಕಣೋ, ನಡು ಒಳೇಗೆ ಎಣ್ ಮಕ್ಳನ್ನ ಯಾರು ಕರ್ಕೊಂಡೋದಾರು? ಆದ್ರೂ ನಂಗೊತ್ತು,” ಎನ್ನುತ್ತಿದ್ದಳು.

ನಾನು ದೊಡ್ಡವನಾಗಿ ಬಿ.ಎಸ್ಸಿ. ಓದಿ, ರಜಕ್ಕೆ ಬಂದವನು, ಸೇರಿದ ನೀರು ಕ್ಷಣದಲ್ಲಿ ಬೆರೆತು ಒಂದೇ ಶಾಖಕ್ಕೆ ಬರುತ್ತದೆ, ಗೆರೆಯೂ ಇಲ್ಲ ಗಿರೆಯೂ ಇಲ್ಲ ಎಂದು ಅವಳಿಗೆ ದೊಡ್ಡ ಉಪನ್ಯಾಸ ಕೊಟ್ಟೆ. ಆಗ ಅವಳಿಗೆ ಮದುವೆಯಾಗಿ ಎರಡು ಮಕ್ಕಳು. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡು, “ಅದ್ಸರಿ, ನೀನು ಕೈ ಇಟ್ಟಿದ್ದೀಯಾ?” ಎಂದಳು.

ಇಟ್ಟಿರಲಿಲ್ಲ. ನನಗೆ ಈಜು ಬಾರದು. ನೀರಿನ ವಿಷಯದಲ್ಲಿ ನನ್ನ ಜ್ಞಾನವೆಲ್ಲ ದಡದ್ದು.

ಹುಲ್ಲಹಳ್ಳಿಯಲ್ಲಿ ಭಾವನ ಗದ್ದೆ, ಕಬ್ಬು, ಕೊಟ್ಟಿಗೆ ಎಲ್ಲ ನೋಡಿಕೊಂಡು ಅಕ್ಕ ಐವತ್ತು ದಾಟಿದಳು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಹೇಗೋ ಕೂಡಿತು, ನಡಿಗೆ ಕೂಡಲಿಲ್ಲ. ಕೋಲು ಹಿಡಿದು ಮಟ್ಟಸವಾದ ನೆಲದಲ್ಲಿ ಹತ್ತು ಹೆಜ್ಜೆ ಹಾಕಬಹುದಿತ್ತು. ಮೆಟ್ಟಿಲು ಹತ್ತಿ ಇಳಿಯುವುದು, ಮರಳಲ್ಲಿ ನಡೆಯುವುದು ಆಗದು ಎಂದರು ಡಾಕ್ಟರು. ಹೊಳೆಗೆ ಹೋಗಬೇಕಾದರೆ ಒಂದೋ ಮೆಟ್ಟಿಲು, ಇಲ್ಲವೇ ಮರಳು. ಹೀಗೆ ಅಕ್ಕನಿಗೂ ಹೊಳೆಗೂ ಎರಡು ವರ್ಷ ಮುಖ ನೋಡುವುದೇ ತಪ್ಪಿಹೋಯಿತು. ಅವಳು ಅದನ್ನು ಹೇಳಿಕೊಂಡು ಅಳುವವಳಲ್ಲ. ಒಂದು ಸಲ ಮಾತ್ರ, “ಮಲ್ಲು, ಆ ಗೆರೆ ಒಂದು ನೋಡ್ದೆ ಉಳ್ಕೊಬುಡ್ತು ಕಣೋ,” ಎಂದಿದ್ದಳು. ಅಂದಾಗ ಭಾವ ಅಲ್ಲೇ ಕೂತು ಕುಡುಗೋಲು ಮಸೆಯುತ್ತಿದ್ದರು. ತಲೆ ಎತ್ತಿರಲಿಲ್ಲ.

ಅದಾದ ಮೇಲೆ ಒಂದು ದಿನ ಅವರ ಹಳೆಯ ಜೀಪು ನಮ್ಮ ಮನೆ ಮುಂದೆ ನಿಂತಿತು. ಹಿಂದೆ, ಎರಡು ಚಕ್ರದ ಕಬ್ಬಿಣದ ಗಾಡಿಯ ಮೇಲೆ, ನೀಲಿ ಬಣ್ಣ ಸಿಪ್ಪೆ ಏಳುತ್ತಿದ್ದ ಒಂದು ಫೈಬರ್ ದೋಣಿ. ಹಿನ್ನೀರಿನ ಕಡೆ ಯಾರೋ ಹಳೇ ಸಾಮಾನು ಮಾರುತ್ತಿದ್ದರಂತೆ.

“ಅಗ್ಗುಕ್ಕೆ ಸಿಕ್ತು ಮೇಷ್ಟ್ರೇ. ಸಂಗಮದಲ್ಲಿ ಜನಾನ ಸುತ್ತಾಡ್ಸಾನ ಅಂತ,” ಎಂದರು ಭಾವ. ನನ್ನನ್ನು ಅವರು ಮೇಷ್ಟ್ರೇ ಎಂದೇ ಕರೆಯುವುದು. ಆ ಮಾತಿನಲ್ಲಿ ಮುಕ್ಕಾಲು ಪಾಲು ಗೇಲಿ, ಕಾಲು ಪಾಲು ಪ್ರೀತಿ.

“ದೋಣಿ ಸರಿ, ಇಲ್ಲಿಗ್ಯಾಕೆ ತಂದ್ರಿ?”

ಅವರು ಗಾಡಿಯನ್ನು ಹಿಂದಕ್ಕೆ ಬಿಟ್ಟು ನಮ್ಮ ಜಗಲಿಗೂ ಕಾಂಪೌಂಡ್ ಗೋಡೆಗೂ ನಡುವೆ ತಂದು ನಿಲ್ಲಿಸಿದರು. ದೋಣಿಯ ಅಂಚೂ ಜಗಲಿಯೂ ಸರಿಸಮ. ಒಂದು ಹಲಗೆ ಹಾಕಿದರೆ ಮಗುವೂ ನಡೆದು ದೋಣಿಯೊಳಕ್ಕೆ ಹೋಗಬಹುದು. ಹುಲ್ಲಹಳ್ಳಿಯ ಮನೆಗೆ ಜಗಲಿಯಿಲ್ಲ, ನಮ್ಮ ಜಗಲಿಗೆ ಹಿತ್ತಿಲ ಕಡೆಯಿಂದ ಮೆಟ್ಟಿಲಿಲ್ಲದೆ ಬರಬಹುದು. ಹೋದ ಸಲ ಬಂದಾಗ ಅವರು ಎಲೆ ಹಾಕಿಕೊಳ್ಳುತ್ತಾ ನಮ್ಮ ಜಗಲಿಯ ಎತ್ತರವನ್ನು ಗೇಣಿನಲ್ಲಿ ಅಳೆಯುತ್ತಿದ್ದುದು ಆಗ ನೆನಪಾಯಿತು. ಆ ಅಳತೆಗೆ ಗಾಡಿಯನ್ನು ವೆಲ್ಡಿಂಗ್ ಮಾಡಿಸಿದ್ದಾರೆ. ಜಗಲಿಯಿಂದ ದೋಣಿಗೆ, ದೋಣಿಯಲ್ಲೇ ಕೂತು ನರಸೀಪುರಕ್ಕೆ, ಗಾಡಿಯನ್ನು ಹಾಗೇ ಹಿಂದಕ್ಕೆ ನೀರಿಗೆ ಬಿಟ್ಟರೆ ದೋಣಿ ತೇಲುತ್ತದೆ. ಅಕ್ಕ ಒಂದು ಮೆಟ್ಟಿಲೂ ಇಳಿಯಬೇಕಿಲ್ಲ, ಮರಳೂ ಮೆಟ್ಟಬೇಕಿಲ್ಲ. ಜನರನ್ನು ಸುತ್ತಾಡಿಸುವ ಮಾತನ್ನು ಭಾವ ಮತ್ತೆ ಎತ್ತಲೂ ಇಲ್ಲ, ಯಾವ ಜನವನ್ನೂ ಸುತ್ತಾಡಿಸಲೂ ಇಲ್ಲ.

“ಮೇ ತಿಂಗ್ಳೊಳ್ಗೆ ಒಂದಪ ಓಗ್ಬರ್ಬೇಕು,” ಎಂದರು. “ಮಳೆ ಇಡ್ಕತು, ಡ್ಯಾಮಿಂದ ನೀರು ಬುಟ್ರು ಅಂದ್ರೆ ಮುಗೀತು. ನಿಮ್ದೊಂದೇ ಕೆಲ್ಸ. ಟೈರ್ ನೋಡ್ಕಳಿ. ನಿಂತ ಟೈರು ಓಡೋ ಟೈರ್‌ಗಿಂತ ಬೇಗ ಕೆಡ್ತದೆ. ಮೂವತ್ತು ಪೌಂಡ್ ಇರ್ಲಿ. ಎಚ್ಚಾದ್ರೆ ಕುಕ್ಕಿ ಕುಕ್ಕಿ ಅವ್ಳ ಸೊಂಟ ಓಯ್ತದೆ. ಕಮ್ಮಿಯಾದ್ರೆ ಟೈರು ಕಾದು ಒಡೀತದೆ.” ಹೀಗೆಂದು ಜೇಬಿನಿಂದ ಆ ಪೆನ್ನಿನಂಥ ಗೇಜು ತೆಗೆದು ನನ್ನ ಅಂಗಿಗೆ ಸಿಕ್ಕಿಸಿದರು.

ನನ್ನಂಥವನಿಗೆ ಯಾರಾದರೂ ಅಂಥ ಕೆಲಸ ಕೊಡುತ್ತಾರೆಯೇ? ನೀವೇ ಹೇಳಿ.

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಒಂದು ಸಲ, ಸಂಜೆ ಕಾಫಿ ಕುಡಿಯುವ ಮುಂಚೆ ಒಂದು ಸಲ ಟೈರು ನೋಡುತ್ತಿದ್ದೆ. ಒಂದು ಸಲವೆಂದರೆ ವಿಜ್ಞಾನದ ಲೆಕ್ಕದಲ್ಲಿ ಮೂರು ಸಲ. ಬಂದ ಮೂರು ಅಂಕಿಗಳ ಸರಾಸರಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಪ್ರದೋಷಗಳ ಪಕ್ಕ ಬರೆಯುತ್ತಿದ್ದೆ. ಬಲಗಡೆಯ ಟೈರು ಜಗಲಿಯ ಪಕ್ಕ, ಕೂತು ನೋಡಲು ಸುಖ. ಎಡಗಡೆಯದು ಗೋಡೆಯ ಪಕ್ಕ. ಅಲ್ಲಿ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನುಸುಳಿ, ತಲೆಯನ್ನು ದೋಣಿಗೆ ತಗುಲಿಸಿಕೊಂಡು, ಕೈ ಮಾತ್ರ ಒಳಗೆ ತೂರಿಸಿ, ಕಾಣದ ವಾಲ್ವಿಗೆ ಗೇಜು ಒತ್ತಬೇಕು. ದಾರಿಯಲ್ಲಿ ಹೋಗುವವರಿಗೆ ನನ್ನ ಅರ್ಧ ಮಾತ್ರ ಕಾಣುತ್ತಿತ್ತು. “ಮೇಷ್ಟ್ರು ಏನೋ ಕಳ್ಕೊಂಡವ್ರೆ,” ಎಂದುಕೊಂಡು ಹೋಗುತ್ತಿದ್ದರು.

ಎಡಗಡೆಯ ಟೈರು ಇಳಿಯತೊಡಗಿತು. ಮೂವತ್ತಿದ್ದದ್ದು ವಾರ ಕಳೆಯುವಷ್ಟರಲ್ಲಿ ಇಪ್ಪತ್ತನಾಲ್ಕು. ಗಾಬರಿಯಾಗಿ ನೋಡುವುದನ್ನು ದಿನಕ್ಕೆ ಮೂರು ಸಲ ಮಾಡಿದೆ. ಇನ್ನೂ ಬೇಗ ಇಳಿಯಿತು. ಸುದ್ದಿ ಕೇಳಿ ಭಾವ ಬಂದು, ಗಾಲಿ ಬಿಚ್ಚಿ, ನಮ್ಮ ಬೀದಿ ಕೊನೆಯ ಪಂಕ್ಚರ್ ಅಂಗಡಿಯ ನಂಜುಂಡನಿಗೆ ತೋರಿಸಿಕೊಂಡು ಬಂದರು. ಟ್ಯೂಬು ನೀರಿನಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಹೋಗಲೆಂದು ಅವನು ವಾಲ್ವಿನ ಪಿನ್ನು ಬದಲಾಯಿಸಿದ. ಅಕ್ಕನನ್ನು ಕರೆತರುವ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ನೋಡಿದರೆ ಮತ್ತೆ ಇಪ್ಪತ್ತೆರಡು, ದೋಣಿ ಎಡಕ್ಕೆ ಒರಗಿ ಜಗಲಿಯಿಂದ ದೂರ ಸರಿದಿದೆ.

“ಇಂಥ ಟೈರ್ ನಂಬ್ಕಂಡು ಅವ್ಳನ್ನ ಕೂರ್ಸಕ್ಕಾಯ್ತದಾ? ದಾರೀಲಿ ಒಡದ್ರೆ?” ಎಂದರು ಭಾವ. ಹುಲ್ಲಹಳ್ಳಿಯಲ್ಲಿ ಹೊರಟು ನಿಂತಿದ್ದ ಅಕ್ಕ ಚೀಲ ಬಿಚ್ಚಿ ಎಲೆ ಹಾಕಿಕೊಂಡು ಕೂತಳು.

ಹೊಸ ಟ್ಯೂಬು ಬಂತು. ಎರಡನೆಯ ಸಲ ದಿನ ಗೊತ್ತಾಯಿತು. ಮತ್ತೆ ಅದೇ ಕತೆ. ಅಷ್ಟರಲ್ಲಿ ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನದ ಮೇಲೆ ಪಡುವಲ ದಿಕ್ಕಿನಲ್ಲಿ ಮೋಡ ಕೂಡುತ್ತಿತ್ತು. ಅಕ್ಕ ಹೇಳಿ ಕಳಿಸಿದಳು: “ಆಗ್ದೆ ಇದ್ರೆ ಬುಟ್ಬುಡಿ. ಮಲ್ಲೂಗೆ ಚಿಂತೆ ಮಾಡ್ಬೇಡ ಅನ್ನಿ.” ನನಗೆ ಚಿಂತೆ ಮಾಡಬೇಡ ಎನ್ನುವುದು ಕಪಿಲೆಗೆ ಹರಿಯಬೇಡ ಎಂದಂತೆ. ಆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ನೇರ ನಂಜುಂಡನ ಹತ್ತಿರ ಹೋದೆ.

ಅವನು ಗಾಲಿಯನ್ನು ಮೂರು ದಿನ ಅಂಗಡಿಯಲ್ಲೇ ಇಟ್ಟುಕೊಂಡ. ಮೂವತ್ತು ತುಂಬಿದ್ದು ಮೂವತ್ತೇ ಇತ್ತು. ತಂದು ಹಾಕಿದೆವು. ಎರಡು ದಿನಕ್ಕೆ ಇಪ್ಪತ್ತೇಳು.

“ನಿಮ್ಮನೇಲಿ ಗಾಳಿ ಕುಡಿಯೋ ಗಾಳಿ ಏನಾರ ಅದಾ ಸಾ?” ಎಂದು ತಲೆ ಕೆರೆದುಕೊಂಡು, ಮರುದಿನ ಬೆಳಿಗ್ಗೆ ತಾನೇ ಬಂದು ನಮ್ಮ ಜಗಲಿಯ ಮೇಲೆ ಕೂತ. “ನೀವು ದಿನಾ ಏನ್ ಮಾಡ್ತೀರೋ ಅಂಗೇ ಮಾಡಿ. ನಾನು ನೋಡ್ತೀನಿ.”

ನಾನು ಗೋಡೆಯ ಸಂದಿಗೆ ನುಸುಳಿದೆ. ಕೈ ತೂರಿಸಿ ಗೇಜು ಒತ್ತಿದೆ. ಅಲ್ಲಿ ಅದು ಎಂದೂ ನೆಟ್ಟಗೆ ಕೂರುವುದಿಲ್ಲ. ಪುಸ್ಸ್. ಸರಿಮಾಡಿ ಒತ್ತಿದೆ. ಪುಸ್ಸ್. ಇಪ್ಪತ್ತೇಳು. ಇನ್ನೊಮ್ಮೆ. ಪುಸ್ಸ್ ಪುಸ್ಸ್. ಇಪ್ಪತ್ತಾರೂವರೆ. ಮೂರನೆಯ ಸಲಕ್ಕೆ ಕೈ ಎತ್ತುವಾಗ ಜಗಲಿಯಿಂದ ಸದ್ದು ಕೇಳಿಸಿತು. ನಂಜುಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಸಾ, ಈಚ್ಗೆ ಬನ್ನಿ ಸಾ. ಟೈರ್‌ಗೇನೂ ಆಗಿಲ್ಲ. ಒಂದೊಂದಪ ನೋಡ್ದಾಗ್ಲೂ ಗಾಳಿ ಓಯ್ತಾ ಅದೆ. ದಿನಾ ಒಂಬತ್ತಪ ಮೂತಿ ಒತ್ತುದ್ರೆ ಯಾವ್ ಟೈರ್ ತಾನೆ ತಡ್ಕತದೆ? ನೀವು ನೋಡೋದ್ ಬುಡಿ, ಅದು ನಿಂತ್ಕತದೆ.”

ಗಿರಿಜ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ಮುಂದಿನ ತಿಂಗಳಿಗೆ ಮಗುಚಿ ಬಂದಳು.

ಅನಿಲದ ಒತ್ತಡದ ಪಾಠವನ್ನು ಹದಿನೇಳು ವರ್ಷ ಮಾಡಿದ್ದ ನಾನು ಸಂದಿಯೊಳಗೇ ಸ್ವಲ್ಪ ಹೊತ್ತು ನಿಂತಿದ್ದೆ. ಹೊರಗೆ ಬರಲು ನಾಚಿಕೆ. ನನ್ನ ಅಕ್ಕನ ಹೊಳೆಯನ್ನು ಎರಡು ಸಲ ಮುಂದೂಡಿದವನು ನಾನೇ, ಅದೂ ಅಷ್ಟೊಂದು ಶ್ರದ್ಧೆಯಿಂದ! “ಭಾವನಿಗೆ ಹೇಳಬೇಡ,” ಎಂದು ನಂಜುಂಡನಿಗೆ ಕೈಮುಗಿದೆ. “ಉಂಟಾ ಸಾ!” ಎಂದು ಟೈರಿಗೆ ಮತ್ತೆ ಮೂವತ್ತು ತುಂಬಿಕೊಟ್ಟು ಹೋದ.

ನಾಲ್ಕು ದಿನ ಟೈರು ಮುಟ್ಟಲಿಲ್ಲ. ಎಷ್ಟು ಕಷ್ಟವೆಂದರೆ ಕೈಗಳನ್ನು ಹಿಂದೆ ಕಟ್ಟಿಕೊಂಡು ಓಡಾಡಿದೆ. ಐದನೆಯ ಬೆಳಿಗ್ಗೆ ಭಾವ ಬಂದು ನೋಡಿದರೆ ಎಡಕ್ಕೂ ಬಲಕ್ಕೂ ಮೂವತ್ತು.

ಅಕ್ಕ ಜಗಲಿಯ ಮೇಲೆ ಕೋಲು ಊರಿಕೊಂಡು ಹಲಗೆ ದಾಟಿ ದೋಣಿಗೆ ಬಂದಳು. ಒಳಗೆ ಭಾವ ಒಂದು ಬೆತ್ತದ ಕುರ್ಚಿಯ ಕಾಲು ಕತ್ತರಿಸಿ ಬೋಲ್ಟು ಹಾಕಿ ಕೂರಿಸಿದ್ದರು. ಬೆನ್ನಿಗೆ ದಿಂಬು. ಕೈಯಲ್ಲಿ ಕೊಡೆ. ಜೀಪು ಮೆಲ್ಲಗೆ ಹೊರಟಿತು. ನಾನು ಅಕ್ಕನ ಪಕ್ಕದಲ್ಲಿ ದೋಣಿಯ ಅಂಚು ಹಿಡಿದು, ಕಿವಿಯನ್ನು ಎಡಗಡೆಯ ಟೈರಿಗೆ ಕೊಟ್ಟು ಕೂತೆ.

ಆ ಪ್ರಯಾಣ ನನಗೆ ಆಗಾಗ ಕನಸಿನಲ್ಲಿ ಬರುತ್ತದೆ. ಕನಸಿಗೂ ನಡೆದದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು, ಗಾಳಿಗೆ ಅಲೆಯಲೆಯಾಗಿ ಬಾಗುತ್ತದೆ. ರಸ್ತೆ ಕಾಣುವುದಿಲ್ಲ, ಜೀಪಿನ ಸದ್ದೂ ಕೇಳುವುದಿಲ್ಲ. ಹಸುರಿನ ನಡುವೆ ನೀಲಿ ದೋಣಿ ತಾನಾಗಿ ಸಾಗುತ್ತಿರುತ್ತದೆ. ಕರಿಯ ಕೊಡೆಯ ಕೆಳಗೆ ಅಕ್ಕ, ಅವಳ ಬಾಯಿ ಎಲೆಅಡಿಕೆಯಿಂದ ಕೆಂಪಗೆ. ಬೆಳ್ಳಕ್ಕಿಗಳು ನಮ್ಮನ್ನು ಕಂಡು ಹಾರುವುದೋ ಬೇಡವೋ ಎಂದು ಯೋಚಿಸುತ್ತವೆ. ಒಂದು ಬಸ್ ಸ್ಟಾಪಿನಲ್ಲಿ ಬೀಡಿ ಸೇದುತ್ತಿದ್ದ ಮುದುಕರೊಬ್ಬರು ಎದ್ದೇ ನಿಂತರು.

“ಏನವ್ವಾ, ದೋಣಿ ಬಂತು, ಒಳೆ ಎಲ್ಲಿ?”

“ಮುಂದೆ ಅದೆ ಕಣಪ್ಪ, ನಾವೇ ಓಯ್ತಾ ಇವಿ,” ಎಂದಳು ಅಕ್ಕ, ಕೊಡೆ ತುಸು ಎತ್ತಿ.

ನರಸೀಪುರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಹುಟ್ಟು ಹಾಕಲು ಭಾವ ಹೇಳಿಟ್ಟಿದ್ದ ಚೆಲುವಯ್ಯ ದಡದಲ್ಲಿ ಕಾದಿದ್ದ. ನಲವತ್ತು ವರ್ಷ ಹರಿಗೋಲು ನಡೆಸಿದ ಕೈ ಅವನದು. ಭಾವ ಜೀಪನ್ನು ತಿರುಗಿಸಿ ಗಾಡಿಯನ್ನು ಹಿಂದಕ್ಕೆ ಬಿಟ್ಟರು. ನೀರು ಇಪ್ಪತ್ತು ಮಾರು ದೂರದಲ್ಲಿತ್ತು. ನಡುವೆ ಬೇಸಗೆಯ ಸಡಿಲ ಮರಳು. ಎರಡು ಮಾರು ಹೋಗುವಷ್ಟರಲ್ಲಿ ಗಾಡಿಯ ಚಕ್ರ ಮರಳಲ್ಲಿ ಹೂತು ಕೂತಿತು. ಮುಂದೆ ಎಳೆದರು, ಹಿಂದೆ ತಳ್ಳಿದರು. ಇನ್ನೂ ಹೂತಿತು. ದೂರದಲ್ಲಿ ಒಂದು ಗುಡುಗು. ಅಕ್ಕ ನೀರಿನ ಕಡೆಗೇ ನೋಡುತ್ತಾ ಕೊಡೆ ಮಡಿಸಿದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಚೆಲುವಯ್ಯ ಬಗ್ಗಿ ಟೈರಿಗೆ ಗುದ್ದಿ ನೋಡಿದ. “ಕಲ್ಲಂಗದೆ ಬುದ್ಧಿ. ಅದ್ಕೇ ಕುಯ್ಕಂಡು ಓಯ್ತದೆ. ಗಾಳಿ ತಗದ್ರೆ ರೊಟ್ಟಿಯಂಗೆ ಅಗ್ಲಾಗಿ ಮೇಲ್ಮೇಲೇ ಬತ್ತದೆ. ಅರ್ಧಕ್ಕರ್ಧ ತಗೀರಿ.”

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ರೊಟ್ಟಿಯ ಮೂಲಕ ಯೋಚಿಸಿರಲಿಲ್ಲ.

ಭಾವ ಜೀಪಿನಿಂದ ತಲೆ ಹೊರಗೆ ಹಾಕಿದರು. “ಮೇಷ್ಟ್ರೇ, ಇಳೀರಿ. ಗಾಳಿ ತಗ್ಯೋದ್ರಲ್ಲಿ ನಿಮ್ಗಿಂತ ಉಸಾರಿ ಈ ಜಿಲ್ಲೇಲಿ ಯಾರವ್ರೆ?”

ನಂಜುಂಡ ಹೇಳಿಬಿಟ್ಟಿದ್ದ. ಅಕ್ಕನಿಗೂ ಗೊತ್ತಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಬೆನ್ನಿನ ದಿಂಬು ಅಲುಗುವ ಹಾಗೆ. ಆ ನಗು ಕೇಳಿದ ಮೇಲೆ ನನಗೆ ಎಷ್ಟೋ ಹಗುರವಾಯಿತು.

ಮರಳಲ್ಲಿ ಮಂಡಿಯೂರಿ ಬಲಗಡೆಯದನ್ನು ಇಳಿಸಿದೆ. ಆಮೇಲೆ ಎಡಗಡೆಯದು. ನಾನು ಹಗಲಿರುಳು ಕಾದ ಗಾಳಿ, ನನ್ನ ಬೆರಳ ಮೇಲೆಯೇ ತಣ್ಣಗೆ ಹಾದು ಸಂಗಮದ ಗಾಳಿಯಲ್ಲಿ ಸೇರಿಹೋಯಿತು. ಗೇಜು ಒತ್ತಿದೆ. ಹದಿನೈದು. ಇನ್ನೊಮ್ಮೆ ಒತ್ತಲು ಕೈ ಎತ್ತುವಷ್ಟರಲ್ಲಿ ಮೇಲಿನಿಂದ ಅಕ್ಕನ ಕೈ ಬಂತು.

“ಕೊಡಿಲ್ಲಿ ಅದ.”

“ಇನ್ನೊಂದ್ಸಲ ನೋಡ್ಬಿಡ್ತೀನಿ ಅಕ್ಕ...”

“ಕೊಡು ಅಂದ್ನಲ್ಲ. ಇದು ನಿನ್ ಕೈಲಿದ್ರೆ ನೀನು ಒಳೆ ನೋಡಾಕಿಲ್ಲ.” ಕಡ್ಡಿಯನ್ನು ಒಳಗೆ ತಳ್ಳಲೂ ಬಿಡದೆ ಗೇಜು ಕಿತ್ತುಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿ ದಾರ ಎಳೆದಳು.

ಜೀಪು ಹಿಂದಕ್ಕೆ ಸರಿಯಿತು. ಗಾಡಿ ಎಮ್ಮೆಯಂತೆ ಸಾವಕಾಶವಾಗಿ ಮರಳ ಮೇಲೆ ನಡೆದು ನೀರಿಗಿಳಿಯಿತು. ನೀರು ಏರಿತು, ದೋಣಿ ಒಮ್ಮೆ ಮೈಮುರಿದು ಗಾಡಿಯನ್ನು ಬಿಟ್ಟು ಎದ್ದಿತು. ಅಕ್ಕ ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ಆಮೇಲೆ ಬಿಟ್ಟಳು.

ಭಾವ ಗಾಡಿಯನ್ನು ಜೀಪಿನಿಂದ ನೀರಿನಾಚೆಗೆ ಎಳೆದು ನಿಲ್ಲಿಸಿ ಬಂದು ದೋಣಿ ಹತ್ತಿದರು. ಚೆಲುವಯ್ಯ, ಭಾವ, ಅಕ್ಕ ಹೋದರು. ನಾನು ಗಾಡಿಯ ಜೊತೆ ದಡದಲ್ಲೇ ಉಳಿದೆ, ಈಜು ಬಾರದವನು. ಸುಮ್ಮನಿರಬಹುದಿತ್ತಲ್ಲ? ಇಷ್ಟು ಮೆತ್ತಗಿನ ಟೈರಿನಲ್ಲಿ ನಂಜನಗೂಡು ಮುಟ್ಟುವುದು ಹೇಗೆಂಬ ಕಳವಳ ಹತ್ತಿಕೊಂಡಿತು. ಜೀಪಿನಿಂದ ಕೈಪಂಪು ತಂದು ಹೊಡೆಯತೊಡಗಿದೆ. ಗೇಜಿಲ್ಲ. ಎಣಿಸೋಣವೆಂದರೆ ಕಣ್ಣು ದೋಣಿಯ ಕಡೆ ಹೋಗಿ ಲೆಕ್ಕ ತಪ್ಪುತ್ತಿತ್ತು. ನಾನು ಬಾಗಿದರೆ ಹೊಳೆ ಮೇಲೇಳುತ್ತಿತ್ತು, ಎದ್ದರೆ ಇಳಿಯುತ್ತಿತ್ತು. ಹೀಗೆ ಅಲುಗಾಡುವ ಹೊಳೆಯನ್ನು ನಾನು ಎಲ್ಲೋ ನೋಡಿದ್ದೆ. ಪಂಪು ಹೊಡೆಯುತ್ತಲೇ ನೆನಪಾಯಿತು. ಅಕ್ಕನ ಸೊಂಟದ ಮೇಲಿನಿಂದ.

ಸಂಗಮದ ನಡುವೆ ದೋಣಿ ಒಂದು ಚುಕ್ಕಿಯಷ್ಟಾಗಿ ನಿಂತಿತು. ಇಳಿಬಿಸಿಲಿನಲ್ಲಿ ಆಚೆಯ ನೀರು ಹೊನ್ನಿನ ಬಣ್ಣ, ಈಚೆಯದು ಸೀಸದ ಬಣ್ಣ. ನಡುವೆ ಗೆರೆ ಇತ್ತೋ, ಬೆವರು ಕಣ್ಣಿಗಿಳಿದು ಹಾಗೆ ಕಂಡಿತೋ. ಅಕ್ಕ ಎಡಕ್ಕೊಮ್ಮೆ ಬಾಗಿದಳು, ಬಲಕ್ಕೊಮ್ಮೆ ಬಾಗಿದಳು. ನಾನು ಪಂಪಿನ ಹಿಡಿ ಹಿಡಿದು ಹಾಗೇ ನಿಂತೆ.

ಅವರು ತಿರುಗಿ ದಡ ಮುಟ್ಟಿ, ದೋಣಿಯನ್ನು ಗಾಡಿಗೆ ಏರಿಸುವಷ್ಟರಲ್ಲಿ ಭಾವನ ಕಣ್ಣು ಟೈರಿನ ಮೇಲೆ ಬಿತ್ತು.

“ಅಯ್ಯೋ ಶಿವನೆ! ಮತ್ತೆ ಕಲ್ಲು ಮಾಡವ್ರಲ್ಲ! ವಾಪಸ್ ಇದೇ ಮರಳು ದಾಟ್ಬೇಕಲ್ವೇನ್ರೀ ಮೇಷ್ಟ್ರೇ? ಮೇಲಕ್ಕೋದ್ಮೇಲೆ ತಾನೆ ಗಾಳಿ ಒಡ್ಯೋದು?”

ಚೆಲುವಯ್ಯ ನಕ್ಕು ನಕ್ಕು ಹುಟ್ಟಿನ ಮೇಲೆ ಒರಗಿದ. ನಾನು ಎರಡನೆಯ ಸಲ ಮಂಡಿಯೂರಿ, ಒಂದು ಗಂಟೆ ಹೊಡೆದ ಗಾಳಿಯನ್ನು ಬಿಡುತ್ತಾ ಕೂತೆ. ಮುಖ ದೋಣಿಯ ಅಂಚಿನ ಮಟ್ಟಕ್ಕಿತ್ತು.

“ಮಲ್ಲು, ಈ ಕಡೆ ತಿರ್ಗು,” ಎಂದಳು ಅಕ್ಕ.

ಅವಳು ಎರಡೂ ಕೈಗಳನ್ನು ಮುಷ್ಟಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ನಡುಹೊಳೆಯಿಂದ ಇಲ್ಲಿಯವರೆಗೂ ಹಾಗೇ ಹಿಡಿದು ತಂದಿದ್ದಳಂತೆ, ಆರಬಾರದೆಂದು. ಬಿಚ್ಚಿ ನನ್ನ ಎರಡು ಕೆನ್ನೆಗೂ ಒತ್ತಿದಳು.

“ಯಾವ್ದು ಕಪಿಲೆ ಏಳು.”

ಬಲಗೆನ್ನೆ ತಣ್ಣಗಿತ್ತು. ಖಂಡಿತ ತಣ್ಣಗಿತ್ತು. ಆದರೆ ಹಾಗೆಂದರೆ ಅವಳು ಕೈ ತೆಗೆದುಬಿಡುತ್ತಿದ್ದಳು.

“ಗೊತ್ತಾಗ್ತಿಲ್ಲ ಅಕ್ಕ.”

“ಮೂರು ಸಲ ನೋಡ್ಬೇಕಲ್ವಾ ನಿಂಗೆ!” ಎಂದು ನಕ್ಕು ತೆಗೆದು ಮತ್ತೆ ಒತ್ತಿದಳು. ಮತ್ತೆ ತೆಗೆದು ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಎರಡೂ ಅಂಗೈಗೆ ನನ್ನ ಕೆನ್ನೆಯ ಬಿಸಿಯೇ ಹತ್ತಿತ್ತು. ಕಪಿಲೆಯೂ ಇರಲಿಲ್ಲ, ಕಾವೇರಿಯೂ ಇರಲಿಲ್ಲ. ಸುಣ್ಣ ಹಚ್ಚಿ ಹಚ್ಚಿ ಒರಟಾದ ಅಕ್ಕನ ಕೈ ಇತ್ತು.

ಗಟ್ಟಿ ನೆಲಕ್ಕೆ ಬಂದ ಮೇಲೆ ಮತ್ತೆ ಗಾಳಿ ಹೊಡೆದು, ಹೆಬ್ಬೆರಳಿನಿಂದ ಅದುಮಿ ನೋಡಿ ಹೊರಟೆವು. ಇಪ್ಪತ್ತೈದಿತ್ತೋ ಮೂವತ್ತೈದಿತ್ತೋ ಇವತ್ತಿಗೂ ಗೊತ್ತಿಲ್ಲ. ಮನೆ ಮುಟ್ಟಿದೆವು. ಮರುವಾರ ಮಳೆ ಹಿಡಿಯಿತು. ಗೇಜನ್ನು ಅಕ್ಕನೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಈಗ ಅದು ಬಂದಿದೆ. ಕಡ್ಡಿಯನ್ನು ಬೆರಳಿನಿಂದ ಒಂದಿಷ್ಟು ಒತ್ತಿದರೆ ಸುಣ್ಣ ಬಿಟ್ಟುಕೊಂಡು ಒಳಗೆ ಸರಿಯುತ್ತದೆ, ಗೇಜು ಮತ್ತೆ ಕೆಲಸಕ್ಕೆ ಬರುತ್ತದೆ. ನಾನು ಒತ್ತಲಿಲ್ಲ. ಒತ್ತಲಿಲ್ಲ ನಿಜ, ಆದರೆ ಹಾಗೇ ಇದೆಯೇ ಎಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೆಗೆದು ನೋಡತೊಡಗಿದೆ. ಮೊನ್ನೆ ಗಿರಿಜ ಜಗಲಿ ಗುಡಿಸುತ್ತಿದ್ದವಳು ನಿಂತು ನೆಲ ತೋರಿಸಿದಳು. ನಾನು ಕೂತಿದ್ದ ಜಾಗದಲ್ಲಿ ಬಿಳಿಯ ಪುಡಿ.

“ನೀವು ತೆಗೆದು ತೆಗೆದು ನೋಡಿದ್ರೆ ಆ ಸುಣ್ಣ ಎಷ್ಟು ದಿನ ಇರುತ್ತೆ ಹೇಳಿ,” ಎಂದಳು.

ಚೀಲಕ್ಕೆ ಹಾಕಿ, ದಾರ ಎಳೆದು ಗಂಟು ಬಿಗಿದು, ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಒಳಗೆ ಹದಿನೈದೇ ಇದೆ. ನೋಡದೆ ಹೇಳುತ್ತಿದ್ದೇನೆ.